ಬೀಗ ಹಾಕಿದ ಮೇಲೂ ಓಡುವ ಮೀಟರ್: ಪಾಲಿಕೆ ಕಟ್ಟಡಗಳಲ್ಲಿ ವಿದ್ಯುತ್ ಪೋಲು ಹುಡುಕುವುದು ಹೇಗೆ

ಕಟ್ಟಡ ಅದೇ, ಕೆಲಸ ಮಾಡುವವರು ಅವರೇ, ಕಚೇರಿ ವೇಳೆಯೂ ಬದಲಾಗಿಲ್ಲ. ಕರೆಂಟ್ ಬಿಲ್ ಮಾತ್ರ ಏರುತ್ತಲೇ ಇದೆ. ಪಾಲಿಕೆಯ ಕಚೇರಿ, ಗ್ರಂಥಾಲಯ, ಸಭಾಂಗಣ, ಈಜುಕೊಳ, ಯಾವುದನ್ನೇ ನೋಡಿಕೊಳ್ಳುವವರಿಗೂ ಈ ತಲೆನೋವು ಹೊಸದಲ್ಲ. ಆಗ ಏನಾಗುತ್ತದೆ? ಒಂದು ಸಭೆ ಸೇರುತ್ತದೆ. ಹಳೆ ಟ್ಯೂಬ್ ಲೈಟ್ ತೆಗೆಸಿ ಎಲ್ಇಡಿ ಹಾಕಿಸೋಣ ಅಂತ ತೀರ್ಮಾನವಾಗುತ್ತದೆ. ಹಾಕಿಸಿಯೂ ಆಗುತ್ತದೆ. ಬಿಲ್ ಸ್ವಲ್ಪ ಇಳಿದಂತೆ ಮಾಡಿ, ಆರು ತಿಂಗಳಲ್ಲಿ ಮತ್ತೆ ಹಳೆ ಜಾಗಕ್ಕೇ ಬಂದು ಕೂರುತ್ತದೆ.

ಎಲ್ಇಡಿ ಬೇಡ ಅಂತಲ್ಲ. ಆದರೆ ನಾನು ನೋಡಿದ ಕಟ್ಟಡಗಳಲ್ಲಿ ದೊಡ್ಡ ಪೋಲೆಲ್ಲ ಸಿಕ್ಕಿದ್ದು ಬೇಡದ ಹೊತ್ತಿನಲ್ಲಿ ಓಡುತ್ತಿದ್ದ ಒಳ್ಳೆಯ ಯಂತ್ರಗಳಲ್ಲಿ. ಅವು ಕೆಟ್ಟಿರಲಿಲ್ಲ, ಅದಕ್ಕೇ ಯಾರೂ ಅವುಗಳ ಕಡೆ ತಿರುಗಿ ನೋಡಿರಲಿಲ್ಲ. ಹಾಗಾಗಿ ಇಲ್ಲಿ ಹೊಸದು ಕೊಳ್ಳುವ ಮಾತು ಕಡಿಮೆ, ಹುಡುಕುವ ಮಾತು ಜಾಸ್ತಿ.

ಬೇಕಾಗುವ ಸಾಮಾನು: ಒಂದು ನೋಟ್‌ಬುಕ್, ಟಾರ್ಚ್, ಕೇಬಲ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ಥರ್ಮಾಮೀಟರ್. ಕಳೆದ 24 ತಿಂಗಳ ಬಿಲ್‌ಗಳು. ಜೊತೆಗೆ ಕಟ್ಟಡವನ್ನು ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರು. ಪ್ಯಾನಲ್ ಬಾಗಿಲು ತೆಗೆಯುವುದು, ಕೇಬಲ್‌ಗೆ ಕ್ಲ್ಯಾಂಪ್ ಹಾಕುವುದು ಅವರ ಕೆಲಸ, ನಿಮ್ಮದಲ್ಲ.

ಮೊದಲು ಬಿಲ್ ಸರಿ ಇದೆಯಾ ನೋಡಿ

ತಪ್ಪು ಕಟ್ಟಡದಲ್ಲೇ ಇರಬೇಕು ಅಂತೇನಿಲ್ಲ. ಬಿಲ್‌ನಲ್ಲೂ ಇರಬಹುದು.

ಎರಡು ತಿಂಗಳ ಬಿಲ್ ಹೋಲಿಸುವಾಗ ಮೊತ್ತ ನೋಡಬೇಡಿ. ದರ ಬದಲಾಗಿರುತ್ತದೆ. ಯೂನಿಟ್ ನೋಡಿ, ಅದನ್ನು ಬಿಲ್ ಅವಧಿಯ ದಿನಗಳಿಂದ ಭಾಗಿಸಿ. ಒಂದು ಬಿಲ್ 28 ದಿನದ್ದು, ಇನ್ನೊಂದು 34 ದಿನದ್ದು ಆಗಿದ್ದರೆ ಅಷ್ಟಕ್ಕೇ ಐದನೇ ಒಂದು ಭಾಗ ವ್ಯತ್ಯಾಸ ಬರುತ್ತದೆ. ಮೀಟರ್ ಓದದೆ ಅಂದಾಜಿನ ಮೇಲೆ ಬಿಲ್ ಕೊಟ್ಟಿದ್ದಾರಾ ಅಂತಲೂ ನೋಡಿ.

ದೊಡ್ಡ ಕಟ್ಟಡಗಳಲ್ಲಿ ಇನ್ನೊಂದು ಗೋಜಲಿದೆ. ಅಲ್ಲಿ ಪೂರ್ತಿ ಕರೆಂಟ್ ಮೀಟರ್ ಒಳಗೆ ಹರಿಯುವುದಿಲ್ಲ. ಕೇಬಲ್ ಸುತ್ತ ಕೂತಿರುವ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ಅದರ ಚಿಕ್ಕ ಪಾಲನ್ನು ಮಾತ್ರ ಮೀಟರ್‌ಗೆ ಕೊಡುತ್ತದೆ. ಸಿಟಿಯ ಮೇಲೆ 200/5 ಅಂತ ಬರೆದಿದ್ದರೆ ಮೀಟರ್ ಓದಿದ್ದನ್ನು 40ರಿಂದ ಗುಣಿಸಬೇಕು. 400/5 ಆದರೆ 80ರಿಂದ. ಸಿಟಿ ಬದಲಾಯಿಸಿ ಬಿಲ್‌ನಲ್ಲಿ ಹಳೆ ಗುಣಕವನ್ನೇ ಬಿಟ್ಟರೆ ಬಿಲ್ ದುಪ್ಪಟ್ಟೂ ಆಗಬಹುದು, ಅರ್ಧವೂ ಆಗಬಹುದು. ಕೆಲವು ಮೀಟರ್‌ಗಳು ಗುಣಕವನ್ನು ತಾವೇ ಸೇರಿಸಿ ತೋರಿಸುತ್ತವೆ, ಅದನ್ನೂ ಖಾತ್ರಿ ಮಾಡಿಕೊಳ್ಳಿ.

ಇದರಲ್ಲೇ ಒಂದು ತಮಾಷೆ ಇದೆ. ಮೂರು ಫೇಸ್‌ನ ಮೂರು ಸಿಟಿಗಳಲ್ಲಿ ಒಂದನ್ನು ಉಲ್ಟಾ ಜೋಡಿಸಿದ್ದರೆ, ಲೋಡ್ ಮೂರೂ ಫೇಸಿಗೆ ಸಮ ಇದ್ದಾಗ, ಮೀಟರ್ ನಿಜದ ಮೂರನೇ ಒಂದು ಭಾಗ ಮಾತ್ರ ತೋರಿಸುತ್ತದೆ. ಒಂದು ಸಿಟಿ ಪೂರ್ತಿ ಸತ್ತಿದ್ದರೆ ಮೂರನೇ ಎರಡು ಭಾಗ. ವರ್ಷಗಟ್ಟಲೆ ಬಿಲ್ ಕಡಿಮೆ ಬರುತ್ತದೆ, ಯಾರೂ ದೂರುವುದಿಲ್ಲ. ಒಂದು ದಿನ ಯಾರೋ ಬಂದು ಸರಿಮಾಡುತ್ತಾರೆ. ಮರುತಿಂಗಳು ಬಿಲ್ ಮೂರು ಪಟ್ಟು. ಆಮೇಲೆ ಇಡೀ ಇಲಾಖೆ ಇಲ್ಲದ ದೋಷವನ್ನು ಹುಡುಕುತ್ತಾ ಕೂರುತ್ತದೆ. ಬಿಲ್ ಒಂದೇ ತಿಂಗಳಲ್ಲಿ ಸರಿಯಾಗಿ ಒಂದೂವರೆ ಪಟ್ಟೋ ಮೂರು ಪಟ್ಟೋ ಜಿಗಿದಿದ್ದರೆ, ಆ ತಿಂಗಳು ಮೀಟರ್ ಹತ್ತಿರ ಯಾರು ಬಂದಿದ್ದರು ಅಂತ ಮೊದಲು ಕೇಳಿ. ಸಿಟಿಯ ತಂತಿಗಳನ್ನು ಮಾತ್ರ ನೀವಾಗಿ ಬಿಚ್ಚಲು ಹೋಗಬೇಡಿ. ಲೋಡ್ ಇರುವಾಗ ಅದನ್ನು ತೆರೆದರೆ ಅಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಹುಟ್ಟುತ್ತದೆ.

ರಾತ್ರಿ ಓದು

ಇಡೀ ಕೆಲಸದಲ್ಲಿ ಒಂದೇ ಒಂದು ಪರೀಕ್ಷೆ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ. ಕಟ್ಟಡಕ್ಕೆ ಬೀಗ ಹಾಕಿದ ಮೇಲೆ ಮೀಟರ್ ಓದಿ. ಬೆಳಗ್ಗೆ ಬೀಗ ತೆಗೆಯುವ ಮುಂಚೆ ಮತ್ತೆ ಓದಿ.

ಒಂದು ಲೆಕ್ಕ ನೋಡೋಣ. ರಾತ್ರಿ 9ಕ್ಕೆ 45,210. ಬೆಳಗ್ಗೆ 6ಕ್ಕೆ 45,363. ಗುಣಕವೆಲ್ಲ ಸೇರಿ 9 ಗಂಟೆಯಲ್ಲಿ 153 ಯೂನಿಟ್. ಅಂದರೆ ಒಳಗೆ ನರಪಿಳ್ಳೆಯೂ ಇಲ್ಲದಾಗ 17 ಕಿಲೋವ್ಯಾಟ್ ಸುಮ್ನೆ ಓಡುತ್ತಿದೆ. ಹಗಲಿನ ಲೋಡ್ 60 ಕಿಲೋವ್ಯಾಟ್ ಅಂತ ಇಟ್ಟುಕೊಳ್ಳಿ. ಅದರ ಮುಂದೆ 17 ಚಿಕ್ಕದಾಗಿ ಕಾಣುತ್ತದೆ ಅಲ್ವಾ? ಈಗ ಗಂಟೆಗಳನ್ನು ಎಣಿಸಿ. ವಾರಕ್ಕೆ 168 ಗಂಟೆ. ಕಚೇರಿ ತೆರೆದಿರುವುದು 50 ಗಂಟೆ, ಮುಚ್ಚಿರುವುದು 118 ಗಂಟೆ. ಹಗಲಿನ ಬಳಕೆ 3,000 ಯೂನಿಟ್, ಖಾಲಿ ಕಟ್ಟಡದ ಬಳಕೆ 2,006 ಯೂನಿಟ್. ಬಿಲ್‌ನ ಹತ್ತರಲ್ಲಿ ನಾಲ್ಕು ಪಾಲು ಬೀಗ ಹಾಕಿದ ಮೇಲೆ ಉರಿದದ್ದು.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮೇಲಧಿಕಾರಿಗೆ ತೋರಿಸಿ. ಇಪ್ಪತ್ತು ಪುಟದ ವರದಿಗಿಂತ ಇದು ಬೇಗ ಕೆಲಸ ಮಾಡುತ್ತದೆ.

ರಾತ್ರಿ ಲೋಡ್ ಸೊನ್ನೆ ಆಗುವುದಿಲ್ಲ. ಸರ್ವರ್, ಬೆಂಕಿ ಎಚ್ಚರಿಕೆ ವ್ಯವಸ್ಥೆ, ಕ್ಯಾಮೆರಾ, ಕೆಲವು ದೀಪ ಇರಲೇಬೇಕು. ಆದರೆ ಸಾಮಾನ್ಯ ಕಚೇರಿಯಲ್ಲಿ ಅದು ಹಗಲಿನ ಲೋಡ್‌ನ ನಾಲ್ಕನೇ ಒಂದು ಭಾಗ ದಾಟಿದ್ದರೆ ನನಗೆ ಅನುಮಾನ ಶುರುವಾಗುತ್ತದೆ.

ಆ 17 ಕಿಲೋವ್ಯಾಟ್ ಎಲ್ಲೆಲ್ಲಿ ಹಂಚಿಹೋಗಿದೆ ಅಂತ ತಿಳಿಯಬೇಕಲ್ಲ. ಎಲೆಕ್ಟ್ರಿಷಿಯನ್ ಕೈಯಲ್ಲಿ ಕ್ಲ್ಯಾಂಪ್ ಹಾಕಿಸಿ, ರಾತ್ರಿ ಮುಖ್ಯ ಪ್ಯಾನಲ್‌ನಿಂದ ಹೊರಡುವ ಪ್ರತಿ ಕೇಬಲ್‌ನ ಆಂಪಿಯರ್ ಬರೆದುಕೊಳ್ಳಿ. ಯಾವುದರಲ್ಲಿ ಜಾಸ್ತಿ ಇದೆಯೋ ಅದರ ಬೆನ್ನು ಹತ್ತಿ ಮಹಡಿ ಪ್ಯಾನಲ್‌ವರೆಗೆ ಹೋಗಿ. ಕ್ಲ್ಯಾಂಪ್ ಇಲ್ಲವೇ? ಮೀಟರ್ ಮೇಲೆ ಮಿನುಗುವ ಚಿಕ್ಕ ಕೆಂಪು ದೀಪ ನೋಡಿ. ಪಕ್ಕದಲ್ಲೇ ಯೂನಿಟ್‌ಗೆ ಎಷ್ಟು ಮಿನುಗು ಅಂತ ಅಚ್ಚಾಗಿರುತ್ತದೆ, 1600 ಅನ್ನಿ. 30 ಸೆಕೆಂಡಿನಲ್ಲಿ 10 ಮಿನುಗು ಬಂದರೆ 10 × 3600 ÷ (30 × 1600) = 0.75 ಕಿಲೋವ್ಯಾಟ್. ಸಿಟಿ ಮೀಟರ್ ಆದರೆ ಇದನ್ನು ಗುಣಕದಿಂದ ಗುಣಿಸಿ. ಈಗ ಒಂದೊಂದೇ ಬ್ರೇಕರ್ ಇಳಿಸುತ್ತಾ ಮಿನುಗು ಎಷ್ಟು ನಿಧಾನವಾಯಿತು ನೋಡುತ್ತಾ ಹೋಗಿ. ಬೆಂಕಿ ವ್ಯವಸ್ಥೆ, ಲಿಫ್ಟ್, ಸರ್ವರ್ ಬ್ರೇಕರ್‌ಗಳನ್ನು ಮುಟ್ಟಬೇಡಿ. ಲಸಿಕೆ ಇಟ್ಟಿರುವ ಫ್ರಿಜ್ ಇರುವ ಆರೋಗ್ಯ ಕೇಂದ್ರದಲ್ಲಂತೂ ಯಾವ ಬ್ರೇಕರ್ ಏನು ಅಂತ ಖಾತ್ರಿ ಇಲ್ಲದೆ ಕೈ ಹಾಕಲೇಬೇಡಿ.

ಟೈಮರ್ ಮತ್ತು ಮೂರು ಸ್ಥಾನದ ಸ್ವಿಚ್

ರಾತ್ರಿ ಓಡುತ್ತಿರುವುದು ಯಾವುದು ಅಂತ ಗೊತ್ತಾದ ಮೇಲೆ, ಏಕೆ ಅಂತ ನೋಡಬೇಕು. ಹತ್ತರಲ್ಲಿ ಏಳೆಂಟು ಸಲ ಉತ್ತರ ಇವೆರಡರಲ್ಲೇ ಸಿಗುತ್ತದೆ.

ಬ್ಯಾಟರಿ ಇಲ್ಲದ ಹಳೆ ಗಡಿಯಾರದ ಟೈಮರ್ ಕರೆಂಟ್ ಹೋದಾಗ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಹತ್ತು ನಿಮಿಷ, ಅರ್ಧ ಗಂಟೆ ಅಂತ ಸೇರುತ್ತಾ ಹೋಗಿ ತಿಂಗಳುಗಳಲ್ಲಿ ಅದರ ಹಗಲು ರಾತ್ರಿ ಅದಲು ಬದಲಾಗುತ್ತದೆ. ಒಂದು ಗ್ರಂಥಾಲಯದಲ್ಲಿ ಟೈಮರ್ ಏಳು ಗಂಟೆ ಹಿಂದೆ ಬಿದ್ದಿತ್ತು. ಹೊರಗಿನ ದೀಪ ಮಧ್ಯಾಹ್ನವೂ ಉರಿಯುತ್ತಿದ್ದದ್ದು ಎಲ್ಲರ ಕಣ್ಣಿಗೆ ಬಿತ್ತು, ಅದಕ್ಕೆ ಬೇರೆ ಸ್ವಿಚ್ ಹಾಕಿ ಸರಿಮಾಡಿಕೊಂಡರು. ಅದೇ ಟೈಮರ್ ಮೇಲಿದ್ದ ಗಾಳಿ ಯಂತ್ರ ಸಂಜೆ ಶುರುವಾಗಿ ನಡುರಾತ್ರಿ ದಾಟುವವರೆಗೆ ಓಡುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ. ಕೇಳಿಸಲು ಅಲ್ಲಿ ಯಾರೂ ಇರಲಿಲ್ಲವಲ್ಲ.

ಡಿಜಿಟಲ್ ಟೈಮರ್ ಆದರೆ ಒಳಗಿನ ಬ್ಯಾಟರಿ ಸತ್ತಿದೆಯಾ ನೋಡಿ. ವಾರ, ರಜಾದಿನ ಸರಿ ಇದೆಯಾ ನೋಡಿ. ಭಾನುವಾರವನ್ನು ಬುಧವಾರ ಅಂದುಕೊಂಡಿರುವ ಟೈಮರ್ ಕಂಡಿದ್ದೇನೆ. ಬೆಳಕು ನೋಡಿ ಉರಿಯುವ ದೀಪಗಳಲ್ಲಿ ಸೆನ್ಸರ್ ಮೇಲೆ ಧೂಳು ಕೂತರೆ ಅದಕ್ಕೆ ಸದಾ ಕತ್ತಲೆಯೇ. ಒರೆಸಿದರೆ ಸಾಕು.

ಇನ್ನು ಸ್ವಿಚ್. ಪಂಪ್, ಫ್ಯಾನ್, ಏಸಿ ಪ್ಯಾನಲ್‌ಗಳ ಮೇಲೆ ಹ್ಯಾಂಡ್, ಆಫ್, ಆಟೋ ಅಂತ ಮೂರು ಸ್ಥಾನ ಇರುತ್ತವೆ. ಆಟೋದಲ್ಲಿದ್ದರೆ ಟೈಮರ್ ಅಥವಾ ಸೆನ್ಸರ್ ಮಾತು ಕೇಳುತ್ತದೆ. ಹ್ಯಾಂಡ್‌ನಲ್ಲಿದ್ದರೆ ಯಾರ ಮಾತೂ ಕೇಳದೆ ಓಡುತ್ತಲೇ ಇರುತ್ತದೆ. ರಿಪೇರಿಗೆ ಬಂದವರು ಪರೀಕ್ಷೆಗೆ ಅಂತ ಹ್ಯಾಂಡ್‌ಗೆ ತಿರುಗಿಸುತ್ತಾರೆ, ಮರೆತು ಹೋಗುತ್ತಾರೆ. ಅಥವಾ ಯಾರೋ ದೊಡ್ಡವರು ಸೆಕೆ ಅಂದರು, ತಿರುಗಿಸಿದರು, ಆಮೇಲೆ ವಾಪಸ್ ತಿರುಗಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕಂಪ್ಯೂಟರ್‌ನಿಂದ ನಡೆಸುವ ಕಟ್ಟಡಗಳಲ್ಲಿ ಇದೇ ರೋಗಕ್ಕೆ ಓವರ್‌ರೈಡ್ ಅಂತ ಹೆಸರು. ಪರದೆಯಲ್ಲಿ ಓವರ್‌ರೈಡ್ ಪಟ್ಟಿ ತೆಗೆಸಿ ನೋಡಿ, ಗಾಬರಿಯಾಗುತ್ತೀರಿ.

ಹ್ಯಾಂಡ್‌ನಲ್ಲಿರುವ ಸ್ವಿಚ್ ಕಂಡ ಕೂಡಲೇ ಆಟೋಗೆ ತಿರುಗಿಸಿ ಹೊರಟುಬಿಡಬೇಡಿ. ಆಟೋದಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ ಎಂಬ ಕಾರಣಕ್ಕೇ ಹ್ಯಾಂಡ್‌ಗೆ ಹಾಕಿರಬಹುದು. ಸೆನ್ಸರ್ ಕೆಟ್ಟಿದೆಯಾ, ಟೈಮರ್ ತಪ್ಪಿದೆಯಾ ನೋಡಿ, ಅದನ್ನು ಸರಿಮಾಡಿ, ಆಮೇಲೆ ತಿರುಗಿಸಿ. ಇಲ್ಲದಿದ್ದರೆ ನಾಳೆ ಬೆಳಗ್ಗೆಯೇ ಅದು ಮತ್ತೆ ಹ್ಯಾಂಡ್‌ಗೆ ಹೋಗಿರುತ್ತದೆ.

ಏಸಿ ಇದೆ, ಆದರೂ ಒಂದು ಕೋಣೆ ಚಳಿ, ಇನ್ನೊಂದು ಸೆಕೆ

ಇದು ಬರೀ ಸುಖದ ಪ್ರಶ್ನೆ ಅಲ್ಲ, ಕರೆಂಟ್ ಪೋಲಿನ ನೇರ ಸುಳಿವು.

ಕೋಣೆಯ ಉಷ್ಣಾಂಶ ನೋಡಿ ಏಸಿ ನಡೆಸುವ ಥರ್ಮೋಸ್ಟಾಟ್ ಎಲ್ಲಿದೆ ಅಂತ ಮೊದಲು ನೋಡಿ. ಝೆರಾಕ್ಸ್ ಯಂತ್ರದ ಮೇಲೋ, ಬಿಸಿಲು ಬೀಳುವ ಗೋಡೆಯ ಮೇಲೋ ಇದ್ದರೆ ಇಡೀ ಮಹಡಿ ನಡುಗುತ್ತಿದ್ದರೂ ಅದಕ್ಕೆ ಸೆಕೆಯೇ. ಪಕ್ಕದಲ್ಲಿ ನಿಮ್ಮ ಥರ್ಮಾಮೀಟರ್ ಹಿಡಿದು ಹೋಲಿಸಿ. ಎರಡು ಡಿಗ್ರಿ ಜಾಸ್ತಿ ತೋರಿಸುವ ಸೆನ್ಸರ್ ಎಂದರೆ ಪ್ರತಿ ಗಂಟೆಯೂ ಎರಡು ಡಿಗ್ರಿ ಜಾಸ್ತಿ ತಂಪಿಗೆ ದುಡ್ಡು ಕೊಟ್ಟಂತೆ.

ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ, ಬೆಳಕು ಕಾಣದಿದ್ದರೆ ತೊಳೆಯಿರಿ ಅಥವಾ ಬದಲಾಯಿಸಿ. ಹೊರಗಿನ ಯೂನಿಟ್‌ನ ರೆಕ್ಕೆಗಳಲ್ಲಿ ಧೂಳು, ಹತ್ತಿ, ಎಲೆ ತುಂಬಿದ್ದರೆ ಶಾಖ ಹೊರಗೆ ಹೋಗುವುದಿಲ್ಲ, ಕಂಪ್ರೆಸರ್ ಏದುಸಿರು ಬಿಡುತ್ತದೆ. ಎರಡು ಯೂನಿಟ್‌ಗಳನ್ನು ಎದುರುಬದುರು ಇಟ್ಟು ಒಂದರ ಬಿಸಿಗಾಳಿಯನ್ನು ಇನ್ನೊಂದು ನುಂಗುವಂತೆ ಕೂರಿಸಿರುವುದೂ ಉಂಟು. ಅದಕ್ಕೆ ತೊಳೆಯುವುದು ಮದ್ದಲ್ಲ, ಜಾಗ ಬದಲಾಯಿಸಬೇಕು.

ನೀರನ್ನು ತಂಪು ಮಾಡಿ ಕಟ್ಟಡಕ್ಕೆಲ್ಲ ಕಳಿಸುವ ಚಿಲ್ಲರ್ ಯಂತ್ರ ಇರುವ ದೊಡ್ಡ ಕಟ್ಟಡದಲ್ಲಿ ಹೋಗುವ ನೀರು, ಬರುವ ನೀರು ಎರಡರ ಉಷ್ಣಾಂಶ ನೋಡಿ. ಸಾಮಾನ್ಯವಾಗಿ 7 ಡಿಗ್ರಿಯಲ್ಲಿ ಹೋಗಿ 12ರಲ್ಲಿ ಬರಬೇಕು. ಲೋಡ್ ಇದ್ದೂ 9ರಲ್ಲೇ ವಾಪಸ್ ಬರುತ್ತಿದ್ದರೆ ನೀರು ಕೆಲಸ ಮಾಡದೆ ಸುಮ್ನೆ ಸುತ್ತು ಹೊಡೆಯುತ್ತಿದೆ ಅಂತ ಅರ್ಥ. ನೀರನ್ನು ಅಡ್ಡದಾರಿಯಲ್ಲಿ ವಾಪಸ್ ಬಿಡುವ ಬೈಪಾಸ್ ವಾಲ್ವ್ ತೆರೆದೇ ಇರಬಹುದು, ಗಾಳಿಯನ್ನು ತಂಪು ಮಾಡುವ ಪೈಪಿನ ಸುರುಳಿ, ಅಂದರೆ ಕಾಯಿಲ್, ಕೊಳೆಯಾಗಿರಬಹುದು, ಪಂಪ್ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿರಬಹುದು. ಪಂಪ್‌ನ ವಿಷಯದಲ್ಲಿ ಒಂದು ಲಾಭವಿದೆ. ಇಂಥ ಸುತ್ತು ಹೊಡೆಯುವ ನೀರಿನಲ್ಲೂ ಫ್ಯಾನಿನಲ್ಲೂ ವೇಗಕ್ಕೂ ಕರೆಂಟಿಗೂ ಇರುವ ಸಂಬಂಧ ಘನದ್ದು, ಅಂದರೆ ವೇಗ × ವೇಗ × ವೇಗದ ಲೆಕ್ಕದ್ದು. ವೇಗ 100ರಿಂದ 80ಕ್ಕೆ ಇಳಿಸಿದರೆ ಕರೆಂಟ್ 100ರಿಂದ ಸುಮಾರು 51ಕ್ಕೆ ಇಳಿಯುತ್ತದೆ. ವೇಗ ಬದಲಿಸುವ ಡ್ರೈವ್ ಹಾಕಿಸಿ, ಅದನ್ನು ಪೂರ್ತಿ ವೇಗದಲ್ಲೇ ಬಿಟ್ಟಿರುವ ಕಟ್ಟಡಗಳು ಬೇಕಾದಷ್ಟಿವೆ. ಡ್ರೈವ್‌ನ ಪರದೆಯಲ್ಲಿ ಇಡೀ ದಿನ ಒಂದೇ ಸಂಖ್ಯೆ ಕಾಣುತ್ತಿದ್ದರೆ ಅದನ್ನು ಯಾರೂ ಬಳಸುತ್ತಿಲ್ಲ.

ಹೊರಗಿನ ಗಾಳಿ ಒಳಗೆ ಬಿಡುವ ಬಾಗಿಲು, ಅಂದರೆ ಡ್ಯಾಂಪರ್, ತೆರೆದೇ ಸಿಕ್ಕಿಕೊಂಡಿದ್ದರೆ ನೀವು ಊರನ್ನೇ ತಂಪು ಮಾಡುತ್ತಿದ್ದೀರಿ. ಮುಚ್ಚಿಯೇ ಸಿಕ್ಕಿಕೊಂಡಿದ್ದರೆ ಒಳಗಿನವರಿಗೆ ತಲೆನೋವು, ತೂಕಡಿಕೆ. ಇಂಗಾಲದ ಡೈಆಕ್ಸೈಡ್ ಅಳೆದು ಗಾಳಿ ಬಿಡುವ ವ್ಯವಸ್ಥೆ ಇದ್ದರೆ, ಆ ಸೆನ್ಸರ್‌ಗೆ ಹೊರಗಿನ ಗಾಳಿ ತೋರಿಸಿ. ಸುಮಾರು 420 ಪಿಪಿಎಂ (ಹತ್ತು ಲಕ್ಷಕ್ಕೆ 420 ಪಾಲು) ಆಸುಪಾಸು ಬರಬೇಕು. 800 ತೋರಿಸಿದರೆ ಅದರ ಮಾತು ನಂಬುವಂತಿಲ್ಲ.

ಬಿಸಿ ಮಾಡುವ ವ್ಯವಸ್ಥೆಯೂ ಇರುವ ಕಟ್ಟಡದಲ್ಲಿ ಇನ್ನೊಂದು ದೋಷ ಅಡಗಿರುತ್ತದೆ. ಬಿಸಿನೀರಿನ ವಾಲ್ವ್ ಪೂರ್ತಿ ಮುಚ್ಚದೆ ಸೋರುತ್ತಿರುತ್ತದೆ. ಒಂದು ಕಾಯಿಲ್ ಗಾಳಿಯನ್ನು ಬಿಸಿ ಮಾಡುತ್ತದೆ, ಪಕ್ಕದ್ದು ತಂಪು ಮಾಡುತ್ತದೆ. ಕೋಣೆ ಹಿತವಾಗಿಯೇ ಇರುವುದರಿಂದ ದೂರು ಬರುವುದಿಲ್ಲ. ವಾಲ್ವ್ ಮುಚ್ಚಿದೆ ಅಂತ ಪ್ಯಾನಲ್ ಹೇಳುವಾಗ ಅದರ ಆಚೆ ಬದಿಯ ಪೈಪಿನ ಮೇಲೆ ಥರ್ಮಾಮೀಟರ್ ಇಡಿ. ಅರ್ಧ ಗಂಟೆ ಬಿಟ್ಟರೂ ಬಿಸಿ ಇದ್ದರೆ ಕಳ್ಳ ಸಿಕ್ಕ.

ಸರ್ವರ್ ಕೋಣೆಯನ್ನು 18 ಡಿಗ್ರಿಯಲ್ಲಿ ಇಟ್ಟಿರುತ್ತಾರೆ, ಕೇಳಿದರೆ ಕಂಪ್ಯೂಟರ್ ಕೆಡುತ್ತೆ ಅಂತಾರೆ. ಯಂತ್ರದ ಒಳಗೆ ಹೋಗುವ ಗಾಳಿ 27 ಡಿಗ್ರಿವರೆಗೆ ಇರಬಹುದು ಅಂತ ಏಸಿ ಎಂಜಿನಿಯರುಗಳ ಅಮೆರಿಕದ ಸಂಸ್ಥೆ ಆಶ್ರೇಯ ಶಿಫಾರಸೇ ಇದೆ. 24ಕ್ಕೆ ಏರಿಸಿ, ಒಂದು ವಾರ ಗಮನಿಸಿ.

ದೋಷ ಶೌಚಾಲಯದಲ್ಲಿ, ಬಿಲ್ ಕರೆಂಟಿಗೆ

ರಾತ್ರಿ ಲೋಡ್ ಒಂದೇ ಸಮ ಇರದೆ ಆಗಾಗ ಏರಿ ಇಳಿಯುತ್ತಿದ್ದರೆ ನೀರಿನ ಪಂಪ್ ಮೇಲೆ ಕಣ್ಣಿಡಿ. ಯಾರೂ ನೀರು ಬಳಸದ ಹೊತ್ತಿನಲ್ಲಿ ಪಂಪ್ ಏಕೆ ಓಡಬೇಕು?

ಸಂಜೆ ಮೇಲಿನ ಟ್ಯಾಂಕ್ ತುಂಬಿಸಿ, ಪಂಪ್ ಆಫ್ ಮಾಡಿ. ಕೆಳಗೆ ಇಳಿಯುವ ಪೈಪಿನ ವಾಲ್ವ್ ಮುಚ್ಚಿ. ಬೆಂಕಿ ಆರಿಸುವ ನೀರೂ ಅದೇ ಟ್ಯಾಂಕಿನದಾದರೆ ಆ ಪೈಪನ್ನು ಮುಚ್ಚಬೇಡಿ. ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಟ್ಯಾಂಕ್ ಬಿರುಕು ಬಿಟ್ಟಿದೆ, ಇಲ್ಲವೇ ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಕೆಟ್ಟು ನೀರು ಪಂಪ್ ದಾರಿಯಲ್ಲೇ ವಾಪಸ್ ಹೋಗುತ್ತಿದೆ. ಇಳಿಯದಿದ್ದರೆ ಟ್ಯಾಂಕ್ ಸರಿ ಇದೆ, ಸೋರಿಕೆ ಕೆಳಗಿನ ನಲ್ಲಿ, ಫ್ಲಶ್‌ಗಳಲ್ಲಿ. ಸೋರುವ ಫ್ಲಶ್ ಸದ್ದು ಮಾಡುವುದಿಲ್ಲ. ಸ್ವಲ್ಪ ಬಣ್ಣ ಫ್ಲಶ್ ಟ್ಯಾಂಕಿಗೆ ಹಾಕಿ, ಕಾಲು ಗಂಟೆ ಬಿಟ್ಟು ಕಮೋಡ್ ನೋಡಿ, ಅಲ್ಲಿ ಬಣ್ಣ ಕಂಡರೆ ಸೋರುತ್ತಿದೆ.

ಬೆಂಕಿ ಆರಿಸುವ ಪೈಪಿನ ಒತ್ತಡ ಕಾಯುವ ಚಿಕ್ಕ ಜಾಕಿ ಪಂಪ್ ಪದೇ ಪದೇ ಓಡುತ್ತಿದ್ದರೂ ಅರ್ಥ ಅದೇ, ಎಲ್ಲೋ ಸೋರಿಕೆ. ಆದರೆ ಆ ಪಂಪ್ ಆಫ್ ಮಾಡುವಂತಿಲ್ಲ. ಸೋರಿಕೆ ಹುಡುಕಿ.

ಬಿಸಿನೀರಿನ ಟ್ಯಾಂಕಿನ ಉಷ್ಣಾಂಶ ಇಳಿಸಿ ಉಳಿತಾಯ ಮಾಡುವ ಆಸೆ ಹಲವರಿಗೆ ಬರುತ್ತದೆ. 60 ಡಿಗ್ರಿಗಿಂತ ಕೆಳಗೆ ಶೇಖರಿಸಿಟ್ಟರೆ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುವ ಅಪಾಯವಿದೆ. ಟ್ಯಾಂಕಿಗೆ ಹೊದಿಕೆ ಹಾಕಿ, ಉಷ್ಣಾಂಶ ಮುಟ್ಟಬೇಡಿ. ಈಜುಕೊಳಕ್ಕೂ ಹೊದಿಕೆಯೇ ಮದ್ದು. ಬಿಸಿ ಮಾಡಿದ ಕೊಳದ ಶಾಖದ ಬಹುಪಾಲು ಆವಿಯಾಗಿಯೇ ಹೋಗುತ್ತದೆ.

ದೀಪ

ಇಲ್ಲಿ ಹೆಚ್ಚು ಹೇಳಲು ಇಲ್ಲ. ಎಲ್ಇಡಿ ಟ್ಯೂಬ್ ಹಾಕಿದಾಗ ಹಳೆ ಚೋಕ್ ತೆಗೆದಿದ್ದಾರಾ ನೋಡಿ, ಬಿಟ್ಟಿದ್ದರೆ ಅದೂ ಸ್ವಲ್ಪ ತಿನ್ನುತ್ತದೆ. ಬೆಳಕು ಅಳೆಯುವ ಲಕ್ಸ್ ಮೀಟರ್ ಸಿಕ್ಕರೆ ಅಳೆಯಿರಿ. ಬರೆಯುವ ಮೇಜಿಗೆ 500 ಲಕ್ಸ್, ಓಡಾಡುವ ಹಾದಿಗೆ 100 ಲಕ್ಸ್ ಸಾಕು ಅಂತ ಯುರೋಪಿನ ಇಎನ್ 12464 ಮಾನದಂಡ ಹೇಳುತ್ತದೆ. ಹಾದಿಯಲ್ಲಿ 400 ಬರುತ್ತಿದ್ದರೆ ಅರ್ಧಕ್ಕರ್ಧ ಟ್ಯೂಬ್ ಕಳಚಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಹದಿನೈದು ಟ್ಯೂಬಿಗೆ ಒಂದೇ ಸ್ವಿಚ್ ಇದ್ದರೆ ಕಿಟಕಿ ಬದಿಯ ಸಾಲಿಗೆ ಬೇರೆ ಸ್ವಿಚ್ ಹಾಕಿಸಿ.

ಯೂನಿಟ್ ಏರಿಲ್ಲ, ದಂಡ ಏರಿದೆ

ಬಿಲ್‌ನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) ದಂಡ ಕಾಣುತ್ತಿದ್ದರೆ ಅದನ್ನು ಸರಿದೂಗಿಸುವ ಕೆಪಾಸಿಟರ್ ಪ್ಯಾನಲ್ ನೋಡಿಸಿ. ಫ್ಯೂಸ್ ಹೋಗಿರುತ್ತದೆ, ಇಲ್ಲವೇ ಕೆಪಾಸಿಟರ್ ಉಬ್ಬಿ ಸತ್ತಿರುತ್ತದೆ. 0.80 ಇದ್ದದ್ದು 0.98ಕ್ಕೆ ಬಂದರೆ ಕೇಬಲ್‌ನಲ್ಲಿ ಶಾಖವಾಗಿ ಹೋಗುವ ನಷ್ಟ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಆದರೆ ಕೇಬಲ್ ನಷ್ಟವೇ ಒಟ್ಟು ಬಳಕೆಯಲ್ಲಿ ಚಿಕ್ಕ ಪಾಲು, ಹಾಗಾಗಿ ಯೂನಿಟ್‌ಗಳು ಹೆಚ್ಚೇನೂ ಇಳಿಯುವುದಿಲ್ಲ. ಗೋಡೆಗೆ ಚುಚ್ಚಿದರೆ ಬಿಲ್ ಅರ್ಧ ಆಗುತ್ತದೆ ಅಂತ ಮಾರುವ ಪೆಟ್ಟಿಗೆಯ ಒಳಗೂ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್. ಅದನ್ನು ಮಾರಲು ಬಂದವರಿಗೆ ದೂರದಿಂದಲೇ ಕೈ ಮುಗಿಯಿರಿ.

ಗರಿಷ್ಠ ಬೇಡಿಕೆಯ ದಂಡವಾದರೆ, ಅಂದರೆ ಒಮ್ಮೆಗೇ ಎಳೆಯುವ ಲೋಡ್ ಮಿತಿ ದಾಟಿದ್ದಕ್ಕೆ ಬಿದ್ದದ್ದಾದರೆ, ಸೋಮವಾರ ಬೆಳಗ್ಗೆ ನೋಡಿ. ಇಡೀ ಕಟ್ಟಡದ ಏಸಿಗಳು ಒಂದೇ ಗಳಿಗೆಯಲ್ಲಿ ಶುರುವಾಗುತ್ತವೆ. ಮೀಟರ್ 15 ಅಥವಾ 30 ನಿಮಿಷದ ಸರಾಸರಿ ಹಿಡಿಯುತ್ತದೆ, ಆ ಒಂದು ತುಂಡೇ ತಿಂಗಳ ದಂಡಕ್ಕೆ ಸಾಕು. ಮಹಡಿಗೊಂದು ಅರ್ಧ ಗಂಟೆ ಅಂತರ ಕೊಟ್ಟು ಶುರು ಮಾಡಿ.

ತಂತಿಯಲ್ಲಿ ಇಲ್ಲದ ದೋಷ

ಎಲ್ಲ ಸರಿಮಾಡಿದ ಮೇಲೂ ಪೋಲು ಮರಳಿ ಬರುತ್ತಿದ್ದರೆ ಬಿಲ್ ಯಾರ ಮೇಜಿಗೆ ಹೋಗುತ್ತದೆ ಅಂತ ವಿಚಾರಿಸಿ. ಸ್ವಿಚ್ ಒಂದು ಇಲಾಖೆಯ ಕೈಯಲ್ಲಿ, ಬಿಲ್ ಕಟ್ಟುವುದು ಇನ್ನೊಂದು, ರಿಪೇರಿಗೆ ಹಣ ಕೊಡಬೇಕಾದದ್ದು ಮತ್ತೊಂದು. ಗ್ರಂಥಾಲಯದವರು ಕಷ್ಟಪಟ್ಟು ಉಳಿಸಿದರೆ ಮುಂದಿನ ವರ್ಷ ಅವರ ಅನುದಾನವೇ ಅಷ್ಟು ಕಡಿಮೆ. ಮತ್ತೆ ಯಾರು ಉಳಿಸುತ್ತಾರೆ?

ಜರ್ಮನಿಯ ಸ್ಟುಟ್‌ಗಾರ್ಟ್ ನಗರ 1995ರಲ್ಲಿ ಇದಕ್ಕೆ ಒಂದು ದಾರಿ ಹುಡುಕಿತು. ನಗರಾಡಳಿತದ ಒಳಗೇ ಒಂದು ನಿಧಿ. ಉಳಿತಾಯದ ಕೆಲಸಕ್ಕೆ ಇತರ ಇಲಾಖೆಗಳಿಗೆ ಅದರಿಂದ ಹಣ. ಕೆಲಸವಾದ ಮೇಲೆ ಬಿಲ್‌ನಲ್ಲಿ ಉಳಿದ ಹಣ ಆ ಸಾಲ ತೀರುವವರೆಗೆ ನಿಧಿಗೆ ವಾಪಸ್, ಅದರಿಂದ ಮುಂದಿನ ಕಟ್ಟಡ. ಇಂಟ್ರಾಕ್ಟಿಂಗ್ ಅಂತ ಅದಕ್ಕೆ ಹೆಸರು. ಅಷ್ಟು ದೊಡ್ಡದು ಆಗದಿದ್ದರೆ ಬೇಡ, ಪ್ರತಿ ತಿಂಗಳು ಬಿಲ್‌ನ ಒಂದು ಪ್ರತಿ ಕಟ್ಟಡ ನೋಡಿಕೊಳ್ಳುವವರ ಕೈಗೆ ಸಿಗುವಂತೆ ಮಾಡಿ. ತಮ್ಮ ಕಟ್ಟಡದ ಬಿಲ್ ಒಮ್ಮೆಯೂ ನೋಡದ ವಾಚ್‌ಮನ್, ಎಲೆಕ್ಟ್ರಿಷಿಯನ್‌ಗಳೇ ಜಾಸ್ತಿ.

ಸರಿಹೋಯಿತಾ ಅಂತ ತಿಳಿಯುವುದು

ಬೇಸಿಗೆಯ ಬಿಲ್ಲಿಗೆ ಚಳಿಗಾಲದ ಬಿಲ್ ಹೋಲಿಸಿ ಗೆದ್ದೆವು ಅನ್ನಬೇಡಿ. ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಿ, ಆ ತಿಂಗಳು ಎಷ್ಟು ಸೆಕೆ ಇತ್ತು, ಎಷ್ಟು ರಜೆ ಇತ್ತು ಅಂತಲೂ ಬರೆದುಕೊಳ್ಳಿ. ಅದಕ್ಕಿಂತ ಸುಲಭದ್ದು ರಾತ್ರಿ ಓದು. ಅದಕ್ಕೆ ಹವೆಯ ಕಾಟ ಕಡಿಮೆ. ಅದೇ 9 ಗಂಟೆ, ಅದೇ 6 ಗಂಟೆ.

ಹ್ಯಾಂಡ್‌ಗೆ ತಿರುಗಿಸುವವರು ತಾರೀಖು, ಹೆಸರು, ಕಾರಣ ಬರೆದ ಚೀಟಿಯನ್ನು ಸ್ವಿಚ್ಚಿಗೆ ಕಟ್ಟಬೇಕು ಅಂತ ಒಂದು ಕಚೇರಿಯಲ್ಲಿ ನಿಯಮ ಮಾಡಿಸಿದ್ದೆ. ರಾತ್ರಿ ಲೋಡ್ 17ರಿಂದ 6ಕ್ಕೆ ಇಳಿದಿತ್ತು. ಮೂರು ತಿಂಗಳು ಬಿಟ್ಟು ಮತ್ತೆ ಓದಿದಾಗ 9. ಟಾರ್ಚ್ ಹಿಡಿದು ತಾರಸಿಗೆ ಹೋದೆ. ಗಾಳಿ ಯಂತ್ರ ಹ್ಯಾಂಡ್‌ನಲ್ಲಿತ್ತು, ಚೀಟಿಯೂ ಇತ್ತು: ಫಿಲ್ಟರ್ ಬದಲಾಯಿಸಲು. ಫಿಲ್ಟರ್ ಬದಲಾಗಿ ಐದು ವಾರ ಆಗಿತ್ತು. ಆಟೋಗೆ ತಿರುಗಿಸಿ, ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಇಳಿದು ಬಂದೆ. ಈಗ ಆ ಚೀಟಿಯಲ್ಲಿ ನಾಲ್ಕನೇ ಸಾಲು ಸೇರಿಸಿದ್ದೇವೆ: ಯಾವತ್ತು ವಾಪಸ್ ತಿರುಗಿಸಬೇಕು.